ನಂಬರ್ ಇಲ್ಲದ ಗಾಡಿ

ಹೆಂಗಸರಿಗೆ ಬಸ್ ಫ್ರೀ ಆದ ಮರುವರ್ಷದ ಮಾತು. ಯಶವಂತಪುರದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ನಾನು ಚೆಕಿಂಗ್ ವಿಭಾಗದಲ್ಲಿದ್ದೆ. ಹೊಲಿದು ಬಂದ ಅಂಗಿಗಳಲ್ಲಿ ಬಿಟ್ಟುಹೋದ ಹೊಲಿಗೆ, ಓರೆಯಾದ ಕಾಲರ್, ಕತ್ತರಿಸದೆ ಉಳಿದ ದಾರ ಹುಡುಕುವುದು ನನ್ನ ಕೆಲಸ. ಹದಿನಾಲ್ಕು ವರ್ಷ ಇದನ್ನೇ ಮಾಡಿ ಮಾಡಿ, ಮದುವೆಮನೆಗೆ ಹೋದರೂ ನನ್ನ ಕಣ್ಣು ಮೊದಲು ಮದುಮಗನ ಕಾಲರಿಗೆ ಹೋಗುತ್ತದೆ.

ಆ ವರ್ಷ ನಮ್ಮ ವಿಭಾಗದ ಇನ್‌ಚಾರ್ಜ್ ಕೆಲಸ ಬಿಟ್ಟರು. ಆ ಜಾಗ ನ್ಯಾಯವಾಗಿ ನನಗೇ ಬರಬೇಕಿತ್ತು. ಮ್ಯಾನೇಜರ್ ಕರೆದರು.

"ನೋಡಿ ಸರೋಜಮ್ಮ, ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ಹೋದ ತಿಂಗಳು ಐದು ಸಲ ಲೇಟು. ನೀವೇ ಹೀಗ್ ಬಂದ್ರೆ ಬೇರೆಯವರಿಗೆ ಏನ್ ಹೇಳ್ತೀರಾ? ಒಂದು ತಿಂಗಳು ನೋಡ್ತೀನಿ. ಒಂದೇ ಒಂದು ದಿನ ಒಂಬತ್ತು ದಾಟಿದ್ರೂ ಹೊರಗಿನವರನ್ನ ತಗೋತೀನಿ."

ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾನೇನು ಹೊದ್ದು ಮಲಗಿ ಲೇಟಾದವಳಲ್ಲ. ನಮ್ಮ ಮನೆ ಅಲ್ಲಾಳಸಂದ್ರದಲ್ಲಿ. ಏಳು ಗಂಟೆಗೇ ಬಸ್ ಹತ್ತಿದರೂ ಹೆಬ್ಬಾಳದ ಹತ್ತಿರ ಬಸ್ಸು ಬೇರು ಬಿಟ್ಟಂತೆ ನಿಂತುಬಿಡುತ್ತಿತ್ತು. ಅಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕು. ಅದು ಬರುವಷ್ಟರಲ್ಲಿ ಬಾಗಿಲವರೆಗೂ ಜನ. ಒಂದು ದಿನ ಎಂಟೂವರೆಗೆ ತಲುಪಿದರೆ ಇನ್ನೊಂದು ದಿನ ಒಂಬತ್ತೂ ಹತ್ತು. ಇಂಥ ಬಸ್ಸನ್ನು ನಂಬಿ ಹದಿನಾಲ್ಕು ವರ್ಷದ ದುಡಿಮೆಯನ್ನು ಪಣಕ್ಕಿಡಲು ನನಗೆ ಮನಸ್ಸಾಗಲಿಲ್ಲ.

ಮಗಳು ಕಾಲೇಜು ಸೇರಿದ ಮೇಲೆ ಅವಳ ಸೈಕಲ್ ಸಂಪಿನ ಪಕ್ಕ ಧೂಳು ತಿನ್ನುತ್ತಿತ್ತು. ಒಂದು ಭಾನುವಾರ ಅದನ್ನು ಒರೆಸಿಕೊಂಡು ಹೊರಟೆ. ಹೆಬ್ಬಾಳದ ಗೊಡವೆಯೇ ಬೇಡವೆಂದು ಸಹಕಾರನಗರ, ಕೊಡಿಗೇಹಳ್ಳಿ, ತಿಂಡ್ಲು, ಬಿಇಎಲ್ ಸರ್ಕಲ್, ಮತ್ತಿಕೆರೆ ಅಂತ ಒಳದಾರಿ ಹಿಡಿದೆ. ಫ್ಯಾಕ್ಟರಿ ಗೇಟಿಗೆ ಬಂದಾಗ ಹೊರಟು ಐವತ್ತೈದು ನಿಮಿಷವಾಗಿತ್ತು. ಇನ್ನು ಕೆಲಸಕ್ಕೆ ಸೈಕಲ್ಲೇ ಎಂದು ಅವತ್ತೇ ತೀರ್ಮಾನ ಮಾಡಿಬಿಟ್ಟೆ.

ಮನೆಯಲ್ಲಿ ರಾಮಾಯಣ ಶುರುವಾಯಿತು. ನಮ್ಮತ್ತೆ ಹಟ್ಟಿ ಬಾಗಿಲಲ್ಲೇ ಕೂತು, ದಾರಿಯಲ್ಲಿ ಹೋಗುವವರಿಗೂ ಕೇಳುವ ಹಾಗೆ ಹೇಳಿದರು. "ಸರ್ಕಾರ್ದೋರು ಬಸ್ಸು ಬಿಟ್ಟಿ ಮಾಡವ್ರೆ, ಇವಳು ಸೈಕಲ್ ತುಳೀತಾಳಂತೆ! ಈ ವಯಸ್ನಾಗೆ ಇಂಗೆ ಬೀದಿ ಮೇಲೆ ಓದ್ರೆ ನೆಂಟ್ರು ಏನಂದಾರು?"

"ಬಸ್ಸಿಗೆ ದುಡ್ಡಿಲ್ಲ, ನಿಜ ಅತ್ತೆ. ಆದ್ರೆ ಅದು ಒಂಬತ್ತಕ್ಕೆ ಮುಟ್ಟಿಸಲ್ವಲ್ಲ," ಅಂದೆ.

ಯಜಮಾನರು ಸಂಜೆ ಸದ್ದಿಲ್ಲದೆ ಎರಡೂ ಟೈರಿಗೆ ಗಾಳಿ ಹೊಡೆಸಿಕೊಂಡು ಬಂದರು.

ಮೊದಲ ವಾರ ರಾತ್ರಿ ಊಟಕ್ಕೆ ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಬೈಕಿನವರು "ಆಂಟಿ, ಸೈಡು!" ಅಂತ ಕೂಗುವರು. ತಿಂಡ್ಲು ಹತ್ತಿರ ಒಬ್ಬ ಬೈಕ್ ನಿಧಾನ ಮಾಡಿ, "ಏನ್ ಆಂಟಿ, ವೇಟ್ ಲಾಸಾ?" ಅಂದ. "ಇಲ್ಲಪ್ಪ, ಕೆಲಸಕ್ಕೆ," ಅಂದೆ. ಅವನು ಬೈಕ್ ಜೋರು ಮಾಡಿ ಹೊರಟುಹೋದ. ವೇಲನ್ನು ಸೊಂಟಕ್ಕೆ ಬಿಗಿದು ದಿನಾ ತುಳಿದೆ. ಒಂದು ದಿನವೂ ಒಂಬತ್ತು ದಾಟಲಿಲ್ಲ.

ಸೈಕಲ್ ನಿಲ್ಲಿಸುತ್ತಿದ್ದದ್ದು ಗೇಟಿನ ಎದುರಿಗಿದ್ದ ಜ್ಯೂಸ್ ಅಂಗಡಿಯೊಳಗೆ. ಅಂಗಡಿಯವರು ಒಳ್ಳೆಯವರು, ಒಂದು ಮೂಲೆ ಬಿಟ್ಟುಕೊಟ್ಟಿದ್ದರು. ನನ್ನ ಸರಪಳಿ ಬೀಗವೂ ಅಲ್ಲೇ ಕಂಬಿಗೆ ನೇತಾಡಿಕೊಂಡಿರುತ್ತಿತ್ತು.

ತಿಂಗಳ ಕೊನೆಯ ದಿನ, ಶನಿವಾರ. ಒಂಬತ್ತಕ್ಕೆ ಹದಿಮೂರು ನಿಮಿಷ ಇರುವಾಗ ಬಂದು ನೋಡಿದರೆ ಅಂಗಡಿ ಬಾಗಿಲು ಹಾಕಿದೆ! ಯಾರೋ ತೀರಿಕೊಂಡರೆಂದು ರಾತ್ರೋರಾತ್ರಿ ಊರಿಗೆ ಹೋಗಿದ್ದರಂತೆ. ಬೀಗ ಒಳಗೆ, ನಾನು ಹೊರಗೆ. ಹೋದ ವಾರವಷ್ಟೇ ಅದೇ ರಸ್ತೆಯಲ್ಲಿ ಒಬ್ಬರ ಬೈಕ್ ಕಳುವಾಗಿತ್ತು. ಇನ್ನು ಬೀಗವಿಲ್ಲದ ಸೈಕಲ್ ಸಂಜೆವರೆಗೆ ಉಳಿಯುತ್ತದೆಯೇ? ತಳ್ಳಿಕೊಂಡು ನೇರ ಗೇಟಿಗೆ ಹೋದೆ.

ಸೆಕ್ಯುರಿಟಿ ಮಾದಪ್ಪಣ್ಣ ಅಡ್ಡ ಬಂದರು. "ಗಾಡಿ ನಂಬರ್ ಹೇಳಕ್ಕ."

"ಸೈಕಲ್ಲಿಗೆ ಎಲ್ಲಣ್ಣ ನಂಬರು?"

"ನಂಬರ್ ಇಲ್ದಿರೋ ಗಾಡಿ ಒಳಗೆ ಬಿಡಂಗಿಲ್ಲ. ಆರ್‌ಸಿ ಜೆರಾಕ್ಸ್ ಕೊಟ್ರೆ ಆಫೀಸಲ್ಲಿ ಸ್ಟಿಕ್ಕರ್ ಕೊಡ್ತಾರೆ. ಸ್ಟಿಕ್ಕರ್ ಇದ್ರೆ ನಂದೇನೂ ಅಭ್ಯಂತರ ಇಲ್ಲ."

"ಸೈಕಲ್ಲಿಗೆ ಆರ್‌ಸಿ ಯಾರು ಕೊಡ್ತಾರೆ?"

"ಅದು ನಂಗೊತ್ತಿಲ್ಲ ಕಣಕ್ಕ. ಪುಸ್ತಕದಲ್ಲಿ ನಂಬರ್ ಜಾಗ ಖಾಲಿ ಬಿಟ್ರೆ ನನ್ನ ಕೆಲಸ ಹೋಗುತ್ತೆ."

ಬೇಡಿದೆ, ಬೈದೆ. ಅವರು ಕದಲಲಿಲ್ಲ. ಒಳಗೆ ಪಂಚಿಂಗ್ ಮೆಷಿನ್ ಮುಂದೆ ಸಾಲು ಕರಗುತ್ತಿತ್ತು. ಇನ್ನು ಐದು ನಿಮಿಷ. ನನಗೆ ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ. ಒಂದು ತಿಂಗಳು ಊರಿನ ಮಾತೆಲ್ಲ ಕೇಳಿಸಿಕೊಂಡು ತುಳಿದುಕೊಂಡು ಬಂದದ್ದು ಈ ಗೇಟಲ್ಲಿ ಸೋಲುವುದಕ್ಕಾ?

ಮಾದಪ್ಪಣ್ಣನ ಮೇಜಿನ ಮೇಲೆ ಎರಡು ಪುಸ್ತಕಗಳಿದ್ದವು. ಒಂದು ಗಾಡಿಗಳದ್ದು. ಇನ್ನೊಂದು ಒಳಗೆ ಬರುವ ಸಾಮಾನುಗಳದ್ದು.

"ಅಣ್ಣ, ರಿಪೇರಿ ಆಗಿ ಹೊಲಿಗೆ ಮೆಷಿನ್ ಬಂದ್ರೆ ಯಾವ ಪುಸ್ತಕದಲ್ಲಿ ಬರೀತೀರಾ?"

"ಸಾಮಾನ್ ಪುಸ್ತಕದಲ್ಲಿ."

"ಅದಕ್ಕೂ ಚಕ್ರ ಇದೆಯಲ್ಲ? ನಂಬರ್ ಕೇಳ್ತೀರಾ?"

"ಅದನ್ನ ಯಾರೂ ಓಡಿಸ್ಕೊಂಡ್ ಬರಲ್ವಲ್ಲಕ್ಕ. ಹೊತ್ಕೊಂಡ್ ಬರ್ತಾರೆ."

"ಸರಿ ಹಾಗಾದ್ರೆ," ಅಂದವಳೇ ಬಗ್ಗಿ ಸೈಕಲ್ಲಿನ ನಡುಗಂಬಿಗೆ ಹೆಗಲು ಕೊಟ್ಟು ಎತ್ತಿದೆ. ಪೆಡಲ್ ಬೆನ್ನಿಗೆ ಕುಟ್ಟಿತು, ಚೈನಿನ ಮಸಿ ಚೂಡಿದಾರಕ್ಕೆಲ್ಲ ಮೆತ್ತಿತು. ಹಿಂದೆ ನಿಂತಿದ್ದ ನಮ್ಮ ವಿಭಾಗದ ಹುಡುಗಿಯೊಬ್ಬಳು ಓಡಿ ಬಂದು ಹಿಂಚಕ್ರ ಹಿಡಿದಳು. "ಬರ್ಕೊಳ್ಳಿ ಅಣ್ಣ, ಸೈಕಲ್ ಒಂದು, ಹೊತ್ತು ತಂದಿದ್ದು!" ಅಂತ ಕೂಗಿ ಜನ ನಡೆಯುವ ಚಿಕ್ಕ ಗೇಟಿನಿಂದ ನುಗ್ಗಿದೆ. ಸಾಲಿನಲ್ಲಿದ್ದ ಹೆಂಗಸರೆಲ್ಲ "ಬಿಡಿ, ಅಕ್ಕಂಗೆ ಜಾಗ ಬಿಡಿ!" ಅಂತ ಸರಿದರು. ಹೆಬ್ಬೆರಳು ಒತ್ತಿದಾಗ ಒಂಬತ್ತಕ್ಕೆ ಒಂದು ನಿಮಿಷ ಇತ್ತು. ಹಿಂತಿರುಗಿ ನೋಡಿದರೆ ಮಾದಪ್ಪಣ್ಣ ತಲೆ ಬಗ್ಗಿಸಿ ಸಾಮಾನ್ ಪುಸ್ತಕದಲ್ಲಿ ಬರೆಯುತ್ತಿದ್ದರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸಾಮಾನ್ ಪುಸ್ತಕಕ್ಕೆ ಏರಿದ ವಸ್ತು ಪಾಸ್ ಇಲ್ಲದೆ ಹೊರಗೆ ಹೋಗುವಂತಿಲ್ಲ. ಪಾಸಿಗೆ ಆಯಾ ವಿಭಾಗದ ಇನ್‌ಚಾರ್ಜ್ ಸಹಿ ಬೇಕು. ನಮ್ಮಲ್ಲಿ ಇನ್‌ಚಾರ್ಜೇ ಇರಲಿಲ್ಲವಲ್ಲ, ಸಂಜೆ ಮ್ಯಾನೇಜರ್ ಮುಂದೆಯೇ ನಿಲ್ಲಬೇಕಾಯಿತು.

ಅವರು ಪಾಸ್ ಓದಿದರು, ನನ್ನ ಮಸಿ ಮೆತ್ತಿದ ಬಟ್ಟೆ ನೋಡಿದರು. "ಏನಿದು ಸರೋಜಮ್ಮ? ಸೋಮವಾರದಿಂದ ನಿಮ್ಮನ್ನೇ ಇನ್‌ಚಾರ್ಜ್ ಮಾಡೋಣ ಅಂತಿದ್ದೆ. ಇನ್ಮೇಲಾದ್ರೂ ಬಸ್ಸಲ್ಲಿ ಬನ್ನಿ. ಆ ಸ್ಥಾನಕ್ಕೊಂದು ಮರ್ಯಾದೆ ಬೇಡ್ವಾ?"

ಹದಿನಾಲ್ಕು ವರ್ಷ ಅವರೆದುರು "ಸರಿ ಸರ್" ಬಿಟ್ಟು ಬೇರೆ ಮಾತಾಡಿದವಳಲ್ಲ ನಾನು. ಅವತ್ತು ಬಾಯಿಗೆ ಬಂದೇಬಿಟ್ಟಿತು.

"ಸರ್, ಬಸ್ಸಲ್ಲೇ ಬಂದಿದ್ರೆ ನಾನು ಇನ್‌ಚಾರ್ಜ್ ಆಗ್ತಾನೇ ಇರ್ಲಿಲ್ಲ. ನೀವು ಕೇಳಿದ್ದು ಒಂಬತ್ತು ಗಂಟೆ. ಹೇಗ್ ಬರ್ಬೇಕು ಅಂತ ಹೇಳಿರ್ಲಿಲ್ಲ."

ಬಂದ ಭಾಗ್ಯವನ್ನು ಬಾಯಾರೆ ಕಳೆದುಕೊಂಡೆನೇನೋ ಅನಿಸಿತು. ಅವರು ಪೆನ್ನಿನ ಮುಚ್ಚಳ ತೆಗೆದು, ಸಹಿ ಹಾಕಿ ಪಾಸನ್ನು ನನ್ನ ಕಡೆ ತಳ್ಳಿದರು. ನಗಲಿಲ್ಲ.

ಸೋಮವಾರ ಜವಾಬ್ದಾರಿ ನನಗೇ ಬಂತು. ಜೊತೆಗೆ ವಿಭಾಗದ ಪಾಸ್ ಪುಸ್ತಕವೂ ನನ್ನ ಕೈಗೆ ಬಂತು. ಜ್ಯೂಸ್ ಅಂಗಡಿ ತೆರೆದಿದ್ದರೂ ಅವತ್ತೂ ಸೈಕಲ್ಲನ್ನು ಹೊತ್ತೇ ಒಳಗೆ ತಂದಿದ್ದೆ. ಸಂಜೆ ಮೊದಲ ಹಾಳೆ ತೆರೆದು ಬರೆದೆ: ವಸ್ತು, ಸೈಕಲ್. ಸಂಖ್ಯೆ, ಒಂದು. ಕಾರಣ, ಮನೆಗೆ ಹೋಗಲು. ಇನ್‌ಚಾರ್ಜ್ ಸಹಿ ಎಂದಿದ್ದ ಕಡೆ ನನ್ನ ಪೂರ್ತಿ ಹೆಸರು ಬರೆದೆ. ಮಾದಪ್ಪಣ್ಣ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ಲಾರಿಗಳಿಗೆ ತೆಗೆಯುವ ದೊಡ್ಡ ಗೇಟನ್ನೇ ತೆಗೆದರು.

ನಮ್ಮತ್ತೆ ಇನ್ನೂ ಒಪ್ಪಿಲ್ಲ. ಒಪ್ಪದಿದ್ದರೆ ಬೇಡ. ಜೋರು ಮಳೆ ಬಂದ ದಿನ ನಾನೂ ಬಸ್ ಹತ್ತುತ್ತೇನೆ, ಅದರ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಹೆಗಲ ಮೇಲೆ ಸೈಕಲ್ ಹೊತ್ತು ಗೇಟು ದಾಟಿದ ಆ ನಾಲ್ಕು ಹೆಜ್ಜೆ ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಸೈಕಲ್ಲಿಗೆ ಸ್ಟಿಕ್ಕರ್ ಕೊಡಿ ಎಂದು ಮೂರು ಅರ್ಜಿ ಬರೆದೆ, ಉತ್ತರ ಬಂದಿಲ್ಲ. ಬರುವವರೆಗೂ ದಿನಾ ಬೆಳಿಗ್ಗೆ ಹೊತ್ತು ಒಳಗೆ ತರುತ್ತೇನೆ, ದಿನಾ ಸಂಜೆ ಒಂದು ಪಾಸ್ ಹರಿಯುತ್ತೇನೆ. ಪುಸ್ತಕ ತೀರಿದರೆ ಇನ್ನೊಂದು ತರಿಸುತ್ತೇನೆ.