ಗಾಳಿಯ ಕಣ್ಣು

ಕಿಟಕಿಗಳಿಗೆ ಗಾಜು ಕೂರಿಸುವ ಮೇಸ್ತ್ರಿ ಅಳತೆಯ ಮನುಷ್ಯ. ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ವಾರವೇ ಅವಳ ಹೊಲಿಗೆ ಕೋಣೆಯ ಕಿಟಕಿಯ ಕದಗಳನ್ನು ಕಿತ್ತು, ಇಡಿಯ ಗಾಜೊಂದನ್ನು ಕೂರಿಸಿ, ಸುತ್ತಲೂ ಸಿಲಿಕೋನ್ ಅಂಟು ತುಂಬಿಬಿಟ್ಟ. ಮಿಷನ್ನಿನ ಎಣ್ಣೆ, ಗಂಜಿ ಹಾಕಿದ ಬಟ್ಟೆ, ಅವಳ ಕೈಯ ಸೋಪು, ಎಲ್ಲ ಬೆರೆತ ವಾಸನೆಯೊಂದು ಅಲ್ಲಿ ಉಳಿದಿತ್ತು. ಅದು ಹೊರಗೆ ಹೋಗಬಾರದು, ಅಷ್ಟೇ. ಸಂಜೆ ಕೆಲಸದಿಂದ ಬಂದವನೇ ಅವಳ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಉಸಿರೆಳೆದುಕೊಳ್ಳುತ್ತಿದ್ದ. ಎಲ್ಲಾದರೂ ಬಿರುಕು ಕಂಡರೆ ಮತ್ತೆ ಅಂಟು.

ಅವಳಿದ್ದಾಗ ಆ ಕಿಟಕಿ ಸದಾ ತೆರೆದಿರುತ್ತಿತ್ತು. ಗಾಳಿ ಬೀಸಿದರೆ ಬಟ್ಟೆಯ ಅಳತೆಗೆ ಕತ್ತರಿಸಿಟ್ಟ ಕಾಗದದ ಅಚ್ಚುಗಳೆಲ್ಲ ದಿಕ್ಕಾಪಾಲು.

"ಏನ್ರೀ, ಊರಿಗೆಲ್ಲ ಕಿಟಕಿ ಕೂರಿಸ್ತೀರ, ಇದಕ್ಕೊಂದು ಕೊಕ್ಕೆ ಹಾಕೋಕೆ ಕೈ ನೋಯುತ್ತಾ?" ಎಂದು ಬೈಯುತ್ತಿದ್ದಳು.

"ನಾಳೆ ಕಣೇ," ಎನ್ನುತ್ತಿದ್ದ.

ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಮಗಳು ರಜೆಗೆ ಬಂದಳು. ಕೋಣೆಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡಳು.

"ಅಪ್ಪಾ, ಇದನ್ನ ಕಿಟಕಿ ಅಂತೀಯಾ?"

"ನೀವು ಇಂಗ್ಲಿಷ್ ಕಲಿತವರು ಕಂಪ್ಯೂಟರಲ್ಲಿರೋದನ್ನೂ ವಿಂಡೋ ಅಂತೀರ, ಟಿಕೆಟ್ ಕೌಂಟರನ್ನೂ ವಿಂಡೋ ಅಂತೀರ. ಅಲ್ಲೇನು ತಂಗಾಳಿ ಬೀಸುತ್ತಾ?"

ಮಗಳು ನಕ್ಕಳು. "ಅವೆಲ್ಲ ಆಮೇಲೆ ಬಂದ ಅರ್ಥಗಳು. ನಾರ್ಸ್ ಅಂತ ಒಂದು ಹಳೇ ಭಾಷೆ. ಅದರಲ್ಲಿ ಗಾಳಿ, ಕಣ್ಣು, ಈ ಎರಡು ಪದ ಸೇರಿ ಕಿಟಕಿಗೆ ಒಂದು ಮಾತಾಯ್ತು. ಆಗಿನ ಮನೆಗಳಿಗೆ ಗಾಜೆಲ್ಲಿತ್ತು? ಸೂರಲ್ಲೋ ಗೋಡೇಲೋ ಒಂದು ಕಿಂಡಿ. ಹೊಗೆ ಹೊರಗೆ, ಗಾಳಿ ಒಳಗೆ. ಇಂಗ್ಲಿಷಿನವರು ಅದನ್ನೇ ತಗೊಂಡು ವಿಂಡೋ ಅಂದ್ರು."

"ಗಾಳಿಯ ಕಣ್ಣು," ಎಂದ ಮೇಸ್ತ್ರಿ. ಮಾತು ಅವನಿಗೆ ಹಿಡಿಸಿತು.

"ಹೂಂ. ನೀನು ಆ ಕಣ್ಣಿಗೇ ಅಂಟು ಮೆತ್ತಿದೀಯ."

"ತೆಗೆದ್ರೆ ನಿಮ್ಮಮ್ಮನ ವಾಸನೆ ಹೋಗುತ್ತಮ್ಮ."

ಮಗಳು ಮೆಲ್ಲಗೆ, "ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಬಂದು ಮೂಸಿ ನೋಡಪ್ಪ," ಎಂದಳು.

ಹಾಗೇ ಮಾಡಿದ. ಒಳಗೆ ವಿನೆಗರಿನಂಥ ಹುಳಿ ಘಾಟು. ಅಂಟು ಒಣಗುವಾಗ ಬಿಡುವ ವಾಸನೆ. ದಿನವಿಡೀ ಅದರಲ್ಲೇ ಮುಳುಗಿರುವ ಅವನ ಮೂಗಿಗೆ ಅದು ಗೊತ್ತೇ ಆಗಿರಲಿಲ್ಲ. ಅವಳ ವಾಸನೆಯನ್ನು ಕಾಯಲೆಂದು ಸಂದುಸಂದಿಗೆ ತುಂಬಿದ ಅಂಟೇ ಅದನ್ನು ನುಂಗಿಹಾಕಿತ್ತು.

ಚಾಕು ತಂದು ಅಂಟನ್ನು ಸುತ್ತಲೂ ಸೀಳಿದ. ಇಬ್ಬರೂ ಹಿಡಿದು ಗಾಜನ್ನು ಗೋಡೆಗೆ ಒರಗಿಸಿದರು. ಗಾಳಿ ನುಗ್ಗಿತು. ಅವಳು ಮೇಜಿನ ಮೇಲೆ ಬಿಟ್ಟುಹೋಗಿದ್ದ ರವಿಕೆ ತೋಳಿನ ಕಾಗದದ ಅಚ್ಚು ಎದ್ದು ಹಾರಿ ಮೂಲೆಗೆ ಬಿತ್ತು. ಮಗಳು ಎತ್ತಲು ಬಾಗಿದಳು.

"ತಡಿ," ಎಂದ ಮೇಸ್ತ್ರಿ. ಖಾಲಿ ಸ್ಟೂಲಿನ ಕಡೆ ತಿರುಗಿ, ಅವಳ ಬೈಗುಳಕ್ಕಾಗಿ ಕಾಯುತ್ತ ನಿಂತ.