ತಲೆ ಕತ್ತರಿಸಿದ ಬೆಟ್ಟ

ಬೀದಿಯವರೆಲ್ಲ ಆಕೆಯನ್ನು ಟೈಲರಕ್ಕ ಎಂದೇ ಕರೆಯುತ್ತಾರೆ. ಮದುವೆಯಾದ ಹೊಸತರಲ್ಲಿ ಗಂಡ ಬೆಟ್ಟದ ರಸ್ತೆ ಕೆಲಸದಲ್ಲಿ ಬುಲ್ಡೋಜರ್ ಓಡಿಸುತ್ತಿದ್ದ. ಮೂರು ವರ್ಷ ಇಬ್ಬರೂ ತಗಡಿನ ಶೆಡ್ಡಿನಲ್ಲಿ ಸಂಸಾರ ಮಾಡಿದರು. ಆಕೆ ಕೆಲಸಗಾರರ ಹರಿದ ಅಂಗಿಗಳಿಗೆ ತೇಪೆ ಹಾಕುತ್ತಿದ್ದಳು. ತಲೆ ಎತ್ತಿದರೆ ಬಾಗಿಲ ತುಂಬ ಒಂದೇ ಬೆಟ್ಟ. ಬೆಳಿಗ್ಗೆ ಬೂದು, ಮಧ್ಯಾಹ್ನ ಕಂದು, ಮಳೆಗೆ ಮುಂಚೆ ಶಾಯಿಯಷ್ಟು ಕಪ್ಪು. ಅದರ ತುದಿ ಒಂದು ಪಕ್ಕಕ್ಕೆ ವಾಲಿತ್ತು, ಯಾರದೋ ಮಾತಿಗೆ ಕಿವಿಗೊಟ್ಟ ಹಾಗೆ.

ಆಮೇಲೆ ಪೇಟೆಗೆ ಬಂದು ಅಂಗಡಿ ಇಟ್ಟಳು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಕೋಟಿಗೆ ಅಸ್ತರು ಹಾಕುವುದು. ಇಪ್ಪತ್ತು ವರ್ಷದ ತುಂಡು ಬಟ್ಟೆಗಳೆಲ್ಲ ಮೂಟೆಗಳಲ್ಲಿ ಸೇರಿಕೊಂಡಿದ್ದವು. ಒಂದು ದಿನ ಆ ಬೆಟ್ಟವನ್ನೇ ಹೊಲಿಯಲೆಂದು ಮೂಟೆ ಬಿಚ್ಚಿ ಕೂತಳು. ಕೋಟಿನ ಬೂದು ಬಟ್ಟೆ ಬಂಡೆಯಾಯಿತು, ಸಮವಸ್ತ್ರದ ಹಸಿರು ಇಳಿಜಾರಿನ ಹುಲ್ಲಾಯಿತು, ಅಸ್ತರಿನ ಹೊಳಪು ಹರಿಯುವ ನೀರಾಯಿತು. ವಾಲಿದ ತುದಿಗೆ ಒಪ್ಪುವ ಬಣ್ಣ ಮಾತ್ರ ಎರಡು ತಿಂಗಳಾದರೂ ಸಿಗಲಿಲ್ಲ. ಕೊನೆಗೆ ಗಂಡನ ಮದುವೆಯ ಕೋಟನ್ನು ಹೊರಗೆ ತೆಗೆದಳು.

"ಇನ್ನೊಂದು ಮದುವೆ ಆಗೋ ಆಸೆ ಇದ್ರೆ ಈಗ್ಲೇ ಹೇಳಿ," ಎಂದಳು.

ಆತ ನಕ್ಕು ಕತ್ತರಿ ಎತ್ತಿಕೊಟ್ಟ.

ಹೊಸ ಆಸ್ಪತ್ರೆಯ ಒಳಗಿನ ಅಲಂಕಾರದ ಕೆಲಸ ಹಿಡಿದಿದ್ದವನೊಬ್ಬ ಪ್ಯಾಂಟು ಕೊಡಲು ಬಂದು, ಗೋಡೆಯ ಮೇಲಿದ್ದ ಬೆಟ್ಟ ನೋಡಿ ಅಲ್ಲೇ ನಿಂತುಬಿಟ್ಟ. ರೋಗಿಗಳು ಕಾಯುವ ಕೋಣೆಗೆ ಬೇಕೆಂದು ಕೊಂಡುಹೋದ. ತಿಂಗಳಾದ ಮೇಲೆ ಟೈಲರಕ್ಕ ಮಗಳನ್ನು ಕರೆದುಕೊಂಡು ನೋಡಲು ಹೋದಳು.

ಗಾಜಿನ ಚೌಕಟ್ಟಿನೊಳಗಿದ್ದ ಬೆಟ್ಟಕ್ಕೆ ತಲೆಯೇ ಇರಲಿಲ್ಲ. ಮೇಲೆ ಏಸಿಯ ಕೊಳವೆ ಅಡ್ಡ ಬಂತೆಂದು ಅಷ್ಟನ್ನೂ ಕತ್ತರಿಸಿ ತೆಗೆದಿದ್ದರು. ಹದಿನಾಲ್ಕು ಇಂಚು; ಟೇಪು ಹಿಡಿಯದೆಯೇ ಆಕೆಗೆ ಗೊತ್ತಾಯಿತು. ಕತ್ತರಿಯೂ ಮೊಂಡು, ಅಂಚು ಇಲಿ ಕಡಿದಂತಿತ್ತು.

ಆಕೆ ನೇರ ಮ್ಯಾನೇಜರನ ಕೋಣೆಗೆ ನುಗ್ಗಿದಳು. "ಮೇಲಿನ ತುಂಡು ಎಲ್ಲಿ ಸಾರ್?"

"ಆವತ್ತೇ ಎಸೆದಿರ್ತಾರೆ. ಯಾಕಮ್ಮ, ಈಗ್ಲೂ ಬೆಟ್ಟ ಅಂತ ಗೊತ್ತಾಗುತ್ತಲ್ಲ."

"ನಿಮ್ಮ ಕೋಟಿನ ಎರಡೂ ತೋಳು ತೆಗೆದ್ರೂ ಕೋಟು ಅಂತ ಗೊತ್ತಾಗುತ್ತೆ. ತೆಗೆದುಕೊಡ್ಲಾ?"

ಮಗಳು ಕೈ ಜಗ್ಗಿದಳು. ಮ್ಯಾನೇಜರ್ ಕುರ್ಚಿಗೆ ಒರಗಿದ. "ನೋಡಿ, ದುಡ್ಡು ಕೊಟ್ಟು ತಗೊಂಡಿದ್ದೀವಿ. ನಮ್ಮ ಸಾಮಾನು, ನಾವು ಏನು ಬೇಕಾದ್ರೂ ಮಾಡ್ಕೋತೀವಿ."

ಈ ಮಾತು ಆಕೆಯ ಮೈಯೆಲ್ಲ ಉರಿಸಿತು. ಮರುದಿನದಿಂದ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೋಗತೊಡಗಿದಳು. ಚೀಟಿ ಹಿಡಿದು ಕೂತ ಒಬ್ಬೊಬ್ಬರಿಗೂ, "ಈ ಬೆಟ್ಟ ಇಷ್ಟೇ ಅಲ್ಲ. ಇದರ ತಲೆ ಇವರು ಕತ್ತರಿಸಿದ್ದಾರೆ," ಎಂದು ಹೇಳಿದಳು. ಕೂಗಾಡಲಿಲ್ಲ. ಕಾವಲಿನವನು ಹೊರಗೆ ಕಳಿಸಿದರೆ ಬಾಗಿಲಲ್ಲಿ ನಿಂತು ಹೇಳಿದಳು. ಕಾಲಿಗೆ ಪಟ್ಟಿ ಸುತ್ತಿಸಿಕೊಂಡಿದ್ದ ಮುದುಕನೊಬ್ಬ, "ಬಟ್ಟೇನೇ ಹಿಂಗೆ ಕತ್ತರಿಸೋರು ನನ್ನ ಕಾಲು ಬಿಡ್ತಾರಾ?" ಎಂದಾಗ ಇಡೀ ಕೋಣೆ ನಕ್ಕಿತು. ಎಂಟನೆಯ ದಿನ ಮ್ಯಾನೇಜರ್ ತಾನೇ ನಿಂತು ಅದನ್ನು ಇಳಿಸಿ, ಸುತ್ತಿಸಿ ಕೊಟ್ಟ. ಆಕೆ ಅವರ ದುಡ್ಡನ್ನು ಮೇಜಿನ ಮೇಲೆ ಕುಕ್ಕಿ ಬಂದಳು.

"ಬೇರೆ ತುದಿ ಹೊಲಿದು ಸೇರಿಸಿಬಿಡು, ಮುಗೀತಲ್ಲ," ಎಂದ ಗಂಡ.

"ಏನ್ರೀ ಮುಗೀತು? ಬೇರೆ ತುದಿ ಹಾಕಿದ್ರೆ ಅದು ಬೇರೆ ಬೆಟ್ಟ."

ಕಡಿದ ಅಂಚನ್ನು ಆಕೆ ಮಡಚಿ ಹೊಲಿಯಲೂ ಇಲ್ಲ. ನೂಲು ಜೋತುಬಿದ್ದಂತೆಯೇ ಅಂಗಡಿಯಲ್ಲಿ ನೇತುಹಾಕಿದಳು.

ಆರು ತಿಂಗಳಾದ ಮೇಲೆ ಅದೇ ಅಲಂಕಾರದವನು ಹಲ್ಲು ಕಿರಿಯುತ್ತ ಬಂದ. ಇನ್ನೊಂದು ಬೆಟ್ಟ ಬೇಕಂತೆ. "ಈ ಸಲ ಗೋಡೆ ಅಳತೆ ಮೊದಲೇ ತಂದಿದ್ದೀನಿ, ಅಕ್ಕ."

"ಅಳತೆ ನಾನು ಕೊಡ್ತೀನಿ. ಗೋಡೆ ನೀವು ಕಟ್ಕೊಳ್ಳಿ."

ಅವನು ತಮಾಷೆ ಎಂದುಕೊಂಡು ನಕ್ಕ. ಆಕೆಯ ಮುಖ ನೋಡಿ ನಗು ನುಂಗಿಕೊಂಡು ಹೊರಟುಹೋದ.

ಈಗ ಆಕೆ ಇನ್ನೊಂದು ಬೆಟ್ಟ ಹೊಲಿಯುತ್ತಿದ್ದಾಳೆ, ಯಾರಿಗೂ ಅಲ್ಲ. ಅದು ಮೊದಲಿನದಕ್ಕಿಂತ ದೊಡ್ಡದು. ಹರಡಲು ಜಾಗ ಸಾಲದೆ ಗಂಡ ಮಂಚವನ್ನು ನಡುಮನೆಗೆ ತಳ್ಳಿದ್ದಾನೆ. ಸಿಟ್ಟು ಇಳಿಯಿತೇ ಎಂದು ಯಾರಾದರೂ ಕೇಳಿದರೆ, ಹಲ್ಲಲ್ಲಿ ದಾರ ಕಚ್ಚಿ ತುಂಡರಿಸಿ, "ಯಾಕೆ ಇಳೀಬೇಕು?" ಎನ್ನುತ್ತಾಳೆ.