ಕೆರೆ ಏರಿಯ ಮೇಲೆ ಪುಟ್ಟಸಿದ್ದಮ್ಮ

ಟ್ರ್ಯಾಕ್ಟರ್ ಓಡಿಸಬಲ್ಲೆ ಎಂದು ಪುಟ್ಟಸಿದ್ದಮ್ಮ ಯಾರಿಗೂ ಹೇಳಿರಲಿಲ್ಲ. ಹೋದ ಆಗಸ್ಟ್ ತಿಂಗಳ ಒಂದು ಗುರುವಾರ, ಬೆಳಗ್ಗೆ ಹನ್ನೊಂದೂವರೆಯವರೆಗೆ ಅದು ಅವರಿಗೂ ಗೊತ್ತಿರಲಿಲ್ಲ.

ಅವರಿಗೆ ಐವತ್ತಾರು ವರ್ಷ. ಹುಣಸೂರು ತಾಲ್ಲೂಕಿನ ಗಾವಡಗೆರೆ ಸುತ್ತಿನ ಹೊಲಗಳಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹೊಗೆಸೊಪ್ಪು ಮುರಿಯುವ, ಮುರಿದದ್ದನ್ನು ಕಡ್ಡಿಗೆ ಕಟ್ಟುವ ಕೆಲಸ. ಹದಿನಾಲ್ಕು ಹೆಂಗಸರ ಗುಂಪಿಗೆ ಅವರೇ ಮುಂದಾಳು. ಯೋಚಿಸಿ ಕೂರುವವರಲ್ಲ ಎಂಬುದು ಊರಿಗೆಲ್ಲ ಗೊತ್ತು. ಒಮ್ಮೆ ಪಿರಿಯಾಪಟ್ಟಣದ ನೆಂಟರ ಮನೆಯ ನಾಮಕರಣಕ್ಕೆಂದು ಬಸ್ಸು ಹತ್ತಿದವರು ಪಿರಿಯಾಪಟ್ಟಣದಲ್ಲಿ ಇಳಿಯಲೇ ಇಲ್ಲ. ಕಂಡಕ್ಟರ್ ಮಡಿಕೇರಿ, ಮಡಿಕೇರಿ ಎಂದು ಕೂಗುತ್ತಿದ್ದ, ಕೂತೇ ಇದ್ದರು. ಮಗುವಿಗೆ ಕೊಡಬೇಕಿದ್ದ ಅಂಗಿಯನ್ನು ಚೀಲದಲ್ಲೇ ಇಟ್ಟುಕೊಂಡು ಸಂಜೆ ಮನೆಗೆ ಬಂದು, "ಕೊಡ್ಗು ನೋಡ್ಕಬಂದೆ. ಬೋ ಸಳಿ ಕಣವ್ವ" ಎಂದಷ್ಟೇ ಹೇಳಿದ್ದರು.

ಆ ಗುರುವಾರ ಅವರ ಗುಂಪು ಆಶಾರಾಣಿಯವರ ಹೊಲದಲ್ಲಿತ್ತು. ಆಶಾರಾಣಿಗೆ ಇದು ಮೊದಲ ವರ್ಷದ ಬೆಳೆ. ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಬ್ಯಾರನ್ ಅವರಿಗೆ ಸ್ವಂತದ್ದಿಲ್ಲ. ಮೂರು ಕಿಲೋಮೀಟರ್ ಆಚೆ ಇರುವ ಪ್ರಭುಸ್ವಾಮಿಯವರ ಬ್ಯಾರನ್ ಆ ದಿನಕ್ಕೆ ಸಿಕ್ಕಿತ್ತು. ಸಂಜೆಯೊಳಗೆ ಅದು ತುಂಬದಿದ್ದರೆ ಮಾರನೇ ಬೆಳಗ್ಗೆ ಪ್ರಭುಸ್ವಾಮಿಯವರ ಆಳುಗಳು ಅವರದೇ ಸೊಪ್ಪು ತುಂಬುತ್ತಾರೆ. ಆಮೇಲೆ ಐದಾರು ದಿನ ಬಾಗಿಲು ತೆರೆಯುವುದಿಲ್ಲ. ಮುರಿದ ಸೊಪ್ಪು ಅಷ್ಟು ದಿನ ಕಾಯುವುದಿಲ್ಲ. ರಾಶಿಯಲ್ಲೇ ಬಿಸಿಯೇರಿ ಕಪ್ಪಾಗುತ್ತದೆ.

ಮೊದಲ ಲೋಡು ಟ್ರೇಲರ್ ತುಂಬಿ ನಿಂತಿತ್ತು. ಅಷ್ಟರಲ್ಲಿ ಡ್ರೈವರ್ ಸುನೀಲ್‌ಕುಮಾರನಿಗೆ ಫೋನು ಬಂತು. "ನಮ್ಮನೇವ್ಳಿಗೆ ನೋವು ಬಂದದಂತೆ ಕಣಕ್ಕ, ಆಸ್ಪತ್ರೆಗೆ ಕರ್ಕೋಗವ್ರೆ" ಎಂದವನೇ ಯಾರದೋ ಬೈಕಿನ ಹಿಂದೆ ಕೂತು ಹುಣಸೂರಿಗೆ ಹೋದ. ಟ್ರ್ಯಾಕ್ಟರ್ ಪ್ರಭುಸ್ವಾಮಿಯವರದು. ಅವರು ಕಣ್ಣಿನ ಆಪರೇಷನ್‌ಗೆ ಮೈಸೂರಿನಲ್ಲಿದ್ದರು. ಆಶಾರಾಣಿ ನಾಲ್ಕು ಡ್ರೈವರ್‌ಗಳಿಗೆ ಫೋನು ಮಾಡಿದರು. ಅವರಲ್ಲಿ ಎಲ್ಲರಿಗಿಂತ ಬೇಗ ಬರುತ್ತೇನೆ ಎಂದವನು ಹೇಳಿದ ಹೊತ್ತೇ ಸಂಜೆ ಐದು. ಅವರು ಸೊಪ್ಪಿನ ರಾಶಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ನೋಡಿದರು. ಆಗಲೇ ಬೆಚ್ಚಗಿತ್ತು.

"ಏನ್ ಮಾಡನ ಪುಟ್ಟಸಿದ್ದಕ್ಕ?"

ಪುಟ್ಟಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕೈಗೆ ಮೆತ್ತಿದ್ದ ಸೊಪ್ಪಿನ ಅಂಟನ್ನು ಮಣ್ಣಿನಲ್ಲಿ ತಿಕ್ಕಿಕೊಂಡು ಡ್ರೈವರ್ ಸೀಟಿಗೆ ಹತ್ತಿದರು.

"ಅಕ್ಕೋ, ಅಲ್ಯಾಕ್ ಅತ್ತಿದ್ದೀಯಾ? ಫೋಟೋ ಇಡ್ಸಕ್ಕಾ?" ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಮಾನಸ ನಕ್ಕಳು.

"ಬಾಯ್ ಮುಚ್ಕಂಡು ಗಾಲಿ ಕಲ್ ತೆಗಿಯಮ್ಮಿ. ಎಲ್ಲಾರೂ ಇಂದ್ಗಡೆ ಓಗಿ ತಳ್ರಿ."

ಆ ಟ್ರ್ಯಾಕ್ಟರಿನ ಬ್ಯಾಟರಿ ಸತ್ತು ವರ್ಷವಾಗಿತ್ತು. ಅದಕ್ಕೇ ಅದನ್ನು ಯಾವಾಗಲೂ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದರು, ಈ ಹೆಂಗಸರೇ ದಿನಾ ತಳ್ಳುತ್ತಿದ್ದರು. ಹೊಲದೊಳಗೆ ಸಾಲಿಂದ ಸಾಲಿಗೆ ನಿಧಾನಕ್ಕೆ ಸಾಗುವ ಟ್ರ್ಯಾಕ್ಟರಿನ ಪಕ್ಕದಲ್ಲೇ ನಡೆದು ಸೊಪ್ಪು ತುಂಬುವ ಪುಟ್ಟಸಿದ್ದಮ್ಮನ ಕಣ್ಣಿನ ನೇರಕ್ಕೆ ಡ್ರೈವರನ ಕಾಲುಗಳಿರುತ್ತಿದ್ದವು. ಎಡಗಾಲು ಯಾವಾಗ ಕ್ಲಚ್ ಒತ್ತುತ್ತದೆ, ಯಾವಾಗ ಬಿಡುತ್ತದೆ, ಕೈ ಎತ್ತ ಹೋಗುತ್ತದೆ ಎಂಬುದನ್ನು ಇಪ್ಪತ್ತೆಂಟು ವರ್ಷ ನೋಡಿದ್ದರು. ಟ್ರ್ಯಾಕ್ಟರ್ ಉರುಳಿತು. ಎಡಗಾಲು ಬಿಟ್ಟರು. ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು.

ಹೆಂಗಸರು ಚಾಚಿದ ಕೈಗಳನ್ನು ಹಾಗೇ ಇಟ್ಟುಕೊಂಡು ನಿಂತರು. ಆಶಾರಾಣಿ ಮತ್ತು ಮಾನಸ ಓಡಿಹೋಗಿ ಲೋಡಿನ ಮೇಲೆ ಹತ್ತಿದರು. ಉಳಿದವರು ಎರಡನೇ ಲೋಡಿಗೆ ಸೊಪ್ಪು ಮುರಿಯಲು ಸಾಲಿಗೆ ಹಿಂದಿರುಗಿದರು.

ದಾರಿಯ ಮಧ್ಯೆ ಕೆರೆ ಏರಿ ಇದೆ. ಒಂದೇ ಗಾಡಿಯ ಅಗಲ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆಯ ಇಳುಕಲು. ಅರ್ಧ ಏರಿ ದಾಟುವಷ್ಟರಲ್ಲಿ ಎದುರಿಗೆ ಹಾಲಿನ ವ್ಯಾನು ಬಂತು.

"ಲೇಯ್, ಇಂದಕ್ ತಗಳಲೇ!" ವ್ಯಾನಿನವನು ತಲೆ ಹೊರಹಾಕಿ ಕೂಗಿದ. ಸೀಟಿನಲ್ಲಿ ಯಾರಿದ್ದಾರೆಂದು ಕಂಡ ಮೇಲೆ ಅವನ ದನಿ ಇಳಿಯಿತು. "ಅವ್ವಾ... ಒಸಿ ಇಂದಕ್ ತಗಳಿ."

"ಇಂದಕ್ ಓಗಕ್ಕೆ ನಂಗ್ ಬರಕಿಲ್ಲ ಕಣಪ್ಪ. ನೀನೇ ಓಗು."

"ಮುಂದಕ್ ಬತ್ತದಾ?"

"ಈಗ್ತಾನೆ ಕಲ್ತಿವ್ನಿ."

ಅವನು ತಲೆ ಒಳಗೆಳೆದುಕೊಂಡ. ಆಮೇಲೆ ಇನ್ನೂರು ಮೀಟರ್ ಏರಿಯನ್ನು ಹಿಂದಕ್ಕೇ ಓಡಿಸಿಕೊಂಡು ಹೋಗಿ, ಪಕ್ಕಕ್ಕೆ ನಿಂತು ದಾರಿ ಬಿಟ್ಟ. ಲೋಡಿನ ಮೇಲಿದ್ದ ಆಶಾರಾಣಿಗೆ ಕಾಣುತ್ತಿದ್ದದ್ದು ಪುಟ್ಟಸಿದ್ದಮ್ಮನ ನೆಟ್ಟಗಿನ ಬೆನ್ನು, ಅದರಾಚೆ ಕೆರೆಯ ನೀರು. "ನಂಗ್ ಸೊಪ್ಪಿನ ನೆಪ್ಪೇ ಇರ್ಲಿಲ್ಲ. ಬರೀ ಆ ಬೆನ್ನೇ ನೋಡ್ತಿದ್ದೆ" ಎಂದು ಅವರು ಈಗಲೂ ಹೇಳುತ್ತಾರೆ.

ಬ್ಯಾರನ್ ಅಂಗಳದಲ್ಲಿ ಒಲೆಗೆ ಸೌದೆ ಜೋಡಿಸುತ್ತಿದ್ದ ದೊಡ್ಡಮಾದಯ್ಯ, ಎಪ್ಪತ್ತರ ಮುದುಕ, ಕೈಯಲ್ಲಿ ಕೊರಡು ಹಿಡಿದೇ ಎದ್ದು ನಿಂತರು.

"ಪುಟ್ಟಸಿದ್ದೀ! ಇದ್ನ ಯಾವಾಗ್ ಕಲುಸ್ದ ನಿಂಗೆ ಸುನೀಲ?"

"ಅವ್ನೆಲ್ ಕಲುಸ್ದ? ನಾನೇ ಕಲ್ತೆ."

"ಸರಿ, ಆಫ್ ಮಾಡು ಮತ್ತೆ. ಮಾತೇ ಕೇಳ್ಸಕಿಲ್ಲ."

ಪುಟ್ಟಸಿದ್ದಮ್ಮ ಕೀ ತಿರುಗಿಸಿದರು. ಎಂಜಿನ್ ಓಡುತ್ತಲೇ ಇತ್ತು. ಕೀಯನ್ನು ಕಿತ್ತು ಕೈಯಲ್ಲಿ ಹಿಡಿದರು. ಆಗಲೂ ಓಡುತ್ತಿತ್ತು. ಕೀ ಇಲ್ಲದೆ ಓಡುವ ಎಂಜಿನ್ನನ್ನು ಅಂಗಳದಲ್ಲಿದ್ದವರೆಲ್ಲ ಬಾಯಿ ತೆರೆದು ನೋಡಿದರು. ದಿನಾ ಲೋಡು ತುಂಬಿದೊಡನೆ ಹೆಂಗಸರು ನೀರು ಕುಡಿಯಲು ನೆರಳಿನ ಕಡೆ ಹೋಗುತ್ತಿದ್ದರು, ಡ್ರೈವರ್ ಅದನ್ನು ನಿಲ್ಲಿಸುತ್ತಿದ್ದದ್ದು ಆಮೇಲೆ. ಇಷ್ಟು ವರ್ಷಗಳಲ್ಲಿ ಅದೊಂದನ್ನು ಮಾತ್ರ ಪುಟ್ಟಸಿದ್ದಮ್ಮ ನೋಡಿರಲಿಲ್ಲ.

"ಒಳ್ಳೇದೇ ಆಯ್ತು ಬುಡಿ" ಎಂದರು. "ಆಫ್ ಆಗೋಗಿದ್ರೆ ಈ ಸಮತಟ್ಟಲ್ಲಿ ತಳ್ಳೋರ್ ಯಾರು? ಬೇಗ ಇಳ್ಸಿ, ಇನ್ನೊಂದ್ ಲೋಡೈತೆ."

ಹಿಂದಕ್ಕೆ ತೆಗೆಯಲು ಬಾರದ್ದರಿಂದ ಬ್ಯಾರನ್ನಿಗೇ ಒಂದು ಪೂರ್ತಿ ಸುತ್ತು ಹಾಕಿ ಹೊರಟರು. ಎರಡನೇ ಲೋಡು ಎರಡೂವರೆಗೆ ಬಂತು. ಜೊತೆಗೆ ಬಂದ ಹೆಂಗಸರು ದಾರಿಯುದ್ದಕ್ಕೂ ಎಂದಿನಂತೆ ಹಿಂದಕ್ಕೆ ಕಾಲು ಇಳಿಬಿಟ್ಟು ಕೂತಿರಲಿಲ್ಲ, ಮುಂದಕ್ಕೆ ತಿರುಗಿ ನಿಂತಿದ್ದರು.

"ಇಷ್ಟ್ ವರ್ಸ ರೋಡು ಇಂದಕ್ ಓಗಾದ್ನೇ ನೋಡಿದ್ದು ಕಣವ್ವ" ಎಂದು ಪುಟ್ಟಸಿದ್ದಮ್ಮ ಇಳಿಯುತ್ತಾ ಆಶಾರಾಣಿಗೆ ಹೇಳಿದರು. "ಮುಂದ್ಲಿಂದ ಬರಾದ್ ನೋಡುದ್ರೆ ಅದೇ ಬ್ಯಾರೆ."

ಗಾಲಿಗೆ ಕಲ್ಲು ಕೊಟ್ಟು ಎಲ್ಲರೂ ಸೊಪ್ಪು ಕಟ್ಟಲು ಕೂತರು. ಪಕ್ಕದಲ್ಲಿ ಎಂಜಿನ್ ಗುಡುಗುಡು ಎನ್ನುತ್ತಲೇ ಇತ್ತು. ಮುಸ್ಸಂಜೆಗೆ ಸೊಪ್ಪು ಕಟ್ಟಿದ ಕೊನೆಯ ಕಡ್ಡಿಗಳು ಬ್ಯಾರನ್ನಿನೊಳಗೆ ಮೇಲೇರುತ್ತಿದ್ದಾಗ ಸುನೀಲ್‌ಕುಮಾರನ ಫೋನು ಬಂತು.

"ಎಣ್ ಮಗ ಕಣಕ್ಕ! ಇಬ್ರೂ ಚೆನ್ನಾಗವ್ರೆ!"

"ಒಳ್ಳೇದಾಯ್ತು. ಯಾರಂಗದೆ ಅಂತ ಆಮೇಲ್ ಏಳು. ಮೊದ್ಲು ನಿನ್ ಟ್ಯಾಕ್ಟ್ರು ನಿಲ್ಸಾದ್ ಎಂಗ್ಲಾ?"

"ಅದ್ ಯಾಕಕ್ಕ ಓಡ್ತಾ ಅದೆ?"

"ಏಳ್ಲಾ!"

"ಸ್ಟೇರಿಂಗ್ ಕೆಳ್ಗಡೆ ಕರೀ ಗುಂಡಿ ಅದೆ. ಅದ್ನ ಎಳಿ."

ದೊಡ್ಡಮಾದಯ್ಯ ಬ್ಯಾರನ್ ಬಾಗಿಲು ಮುಚ್ಚಿ ಒಲೆಗೆ ಬೆಂಕಿ ಕೊಟ್ಟರು. ಪುಟ್ಟಸಿದ್ದಮ್ಮ ಗುಂಡಿ ಎಳೆದರು. ಮಧ್ಯಾಹ್ನದಿಂದ ತುಂಬಿಕೊಂಡಿದ್ದ ಸದ್ದು ಒಮ್ಮೆಲೇ ನಿಂತು, ಒಲೆಯಲ್ಲಿ ಸೌದೆ ಚಟಪಟಿಸುವುದು ಕೇಳಿಸಿತು. ಆಶಾರಾಣಿ ಬ್ಯಾರನ್ನಿನ ಗೋಡೆಗೆ ಅಂಗೈ ಒತ್ತಿ ನಿಂತರು. ಅದು ಬೆಚ್ಚಗಾಗುವವರೆಗೂ ಕೈ ತೆಗೆಯಲಿಲ್ಲ.